ಕರುಣವ್ವ ನುಂಗಿದ ಯೋಚನೆಗಳು

ಒಂದು ಕಾಡಿನಲ್ಲಿ, ಹಳೆಯ ಮತ್ತಿಮರದ ಪೊಟರೆಯೊಳಗೆ, ಕರುಣವ್ವ ಎಂಬ ಮಂಗಟ್ಟೆ ಹಕ್ಕಿ ಗೋಡೆ ಹಾಕಿಕೊಂಡು ಕೂತಿದ್ದಳು. ಮಂಗಟ್ಟೆಗಳ ಪದ್ಧತಿಯೇ ಹಾಗೆ. ಮೊಟ್ಟೆ ಇಡುವ ಕಾಲಕ್ಕೆ ತಾಯಿ ಪೊಟರೆಯೊಳಗೆ ಹೋಗುತ್ತಾಳೆ. ಪೊಟರೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಾಳೆ. ಕೊಕ್ಕು ತೂರುವಷ್ಟು ಒಂದು ಬಿರುಕು ಮಾತ್ರ ಬಿಡುತ್ತಾಳೆ. ಒಳಗೆ ಅವಳ ಗರಿಗಳು ಉದುರುತ್ತವೆ. ಹೊಸದು ಬರುವ ತನಕ ಹಾರಲಾರಳು. ಗಂಡ ತಂದ ಹಣ್ಣು ಬಿರುಕಿನಲ್ಲಿ ಬಂದರೆ ಊಟ. ಇಲ್ಲದಿದ್ದರೆ ಇಲ್ಲ.

ಕರುಣವ್ವನ ಗಂಡ ಸಮುವೇಲ ಒಂದು ದಿನವೂ ತಪ್ಪಿಸಿದವನಲ್ಲ. ಮರಿಗಳು ಎರಡು. ಹುಟ್ಟಿ ನಾಲ್ಕು ದಿನ. ಮೈಮೇಲೆ ತುಪ್ಪುಳವೂ ಇರಲಿಲ್ಲ.

ಆ ಕಾಡಿನವರು ಯೇಸುವನ್ನು ನಂಬಿದವರು. ಭಾನುವಾರ ಬಂಡೆಯ ಬಳಿ ಸೇರಿ ಹಾಡುತ್ತಿದ್ದರು. ಅವರ ಜೊತೆ ಒಬ್ಬ ಉಡನೂ ಬರುತ್ತಿದ್ದ. ಮುಂದೆಯೇ ಕೂರುತ್ತಿದ್ದ. ಕಣ್ಣು ಮಾತ್ರ ಸುತ್ತಲಿನ ಗೂಡುಗಳ ಮೇಲೆ.

ಒಂದು ಬೆಳಿಗ್ಗೆ ಹಣ್ಣಿಗೆ ಹೋದ ಸಮುವೇಲ ಮಧ್ಯಾಹ್ನವಾದರೂ ಬರಲಿಲ್ಲ.

ಉಡ ಬಂದ. ತೊಗಟೆಗೆ ಅಂಟಿಕೊಂಡು ಬಿರುಕಿನ ಪಕ್ಕ ನಿಂತ.

"ಸ್ತೋತ್ರ, ಕರುಣಕ್ಕಾ!"

"ಸ್ತೋತ್ರ ಅಣ್ಣಾ. ನಮ್ಮವರನ್ನು ಎಲ್ಲಾದರೂ ಕಂಡಿರಾ?"

"ಕಂಡೆ. ಬೇಡ ಬಿಡು."

"ಏನು? ಹೇಳಿ!"

"ಈಗಷ್ಟೇ ಹೊಳೆಯಾಚೆ ಇನ್ನೊಬ್ಬಳ ಪೊಟರೆಗೆ ಹಣ್ಣು ಕೊಡುತ್ತಿದ್ದ. ನಾನು ಹೇಳಿದೆ ಅನ್ನಬೇಡ, ತಾಯಿ."

ಇಷ್ಟು ಹೇಳಿ ಉಡ ಇಳಿದು ಹೋದ. ಕರುಣವ್ವ ಆ ಮಾತನ್ನು ಅತ್ತಿಹಣ್ಣಿನ ಹಾಗೆ ಗುಳುಂ ಎಂದು ನುಂಗಿದಳು. ಆಮೇಲೆ ಲೆಕ್ಕ ಹಾಕತೊಡಗಿದಳು. ನಿನ್ನೆ ಅವನು ತಂದದ್ದು ಆರೇ ಹಣ್ಣು, ಮೊನ್ನೆ ಒಂಬತ್ತು. ಉಳಿದ ಮೂರು ಎಲ್ಲಿ ಹೋದವು? ನಿನ್ನೆ ಸರಿಯಾಗಿ ಮಾತೂ ಆಡಲಿಲ್ಲ. ಯಾಕೆ? ಅವನ ಬಾಯಿ ತುಂಬ ಹಣ್ಣಿತ್ತು ಎಂಬುದು ಅವಳಿಗೆ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಉಡ ಮತ್ತೆ ಬಂದ. ಈ ಸಲ ಮುಖ ಸಣ್ಣದು ಮಾಡಿಕೊಂಡಿದ್ದ.

"ಅಕ್ಕಾ, ಎದೆ ಗಟ್ಟಿ ಮಾಡಿಕೋ. ಮುಂಜಾನೆಯೇ ಹದ್ದು ಹೊಡೆದು ಸಮುವೇಲ ಸತ್ತನಂತೆ."

"ಅಯ್ಯೋ!"

"ಗೋಡೆ ಒಡೆದು ಹೊರಗೆ ಬಾ. ಕೆಳಗಿಳಿದು ಹಣ್ಣು ಆರಿಸಿಕೋ. ಮರಿಗಳನ್ನು ನಾನು ನೋಡಿಕೊಳ್ಳುತ್ತೇನೆ. ಬೆಳಿಗ್ಗೆಯಿಂದ ನಿನಗೋಸ್ಕರ ಉಪವಾಸ ಇದ್ದೇನೆ. ದೇವರೇ ನನ್ನನ್ನು ಕಳಿಸಿದ್ದು."

ಉಪವಾಸ ಇದ್ದದ್ದು ಮಾತ್ರ ನಿಜ.

ಕರುಣವ್ವ ಅದನ್ನೂ ನುಂಗಿದಳು. ಈಗ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಸ್ವಲ್ಪ ಅತ್ತಳು. ಸ್ವಲ್ಪ ಬೈದಳು. ಕೊಕ್ಕಿನಿಂದ ಗೋಡೆಗೆ ನಾಲ್ಕು ಏಟು ಹಾಕಿದಳು. ಮಣ್ಣು ಉದುರಿ, ಬಿರುಕು ಅಂಗೈಯಗಲ ಆಯಿತು. ಉಡ ಕೆಳಗಿಳಿದು ಬೇರಿನ ಮರೆಯಲ್ಲಿ ಕಾಯುತ್ತ ಮಲಗಿದ.

ಮರಿಗಳು ಚೀರಿದವು. ಅವಳು ಕುಟ್ಟುವುದನ್ನು ನಿಲ್ಲಿಸಿದಳು.

"ಯೇಸುಸ್ವಾಮಿ, ದಾರಿ ತೋರಿಸು" ಎಂದಳು. ಆಮೆನ್ ಅನ್ನುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು: ಹೋಗು. ಹಿಂದೆಯೇ ಮತ್ತೊಂದು: ಹೋಗಬೇಡ. ಯಾವುದು ತನ್ನದು, ಯಾವುದು ಉಡನದು, ಯಾವುದು ಸ್ವಾಮಿಯದು? ಎಲ್ಲವೂ ತನ್ನದೇ ದನಿಯಲ್ಲಿ ಮಾತಾಡುತ್ತಿದ್ದವು. ಮತ್ತೆ ಪ್ರಾರ್ಥಿಸಿದಳು. ಮತ್ತೆ ಅದೇ ಗದ್ದಲ.

ಪಕ್ಕದ ಮರದಲ್ಲಿ ಮರಕುಟುಕ ಯೋಬಜ್ಜ ಟಕಟಕ ಎಂದು ತೊಗಟೆ ಕುಟ್ಟುತ್ತಿದ್ದ. ಬೆಳಿಗ್ಗೆಯಿಂದ ಅಲ್ಲೇ ಇದ್ದ. ಕರುಣವ್ವನಿಗೆ ಈಗ ಕೇಳಿಸಿತು.

"ಅಜ್ಜಾ, ನನ್ನ ತಲೆ ಕೆಟ್ಟಿದೆ" ಎಂದಳು.

ಕುಟ್ಟುವುದು ನಿಂತಿತು. "ಹಣ್ಣು ಬಂದರೆ ಏನು ಮಾಡುತ್ತೀ?"

"ಕೊಕ್ಕಿನ ತುದಿಯಲ್ಲಿ ಹಿಡಿದು ನೋಡುತ್ತೇನೆ. ಕೊಳೆತಿದ್ದರೆ ಹೊರಗೆ ಎಸೆಯುತ್ತೇನೆ."

"ಯೋಚನೆ ಬಂದರೆ?"

"ನುಂಗಿಬಿಡುತ್ತೇನೆ."

"ಹೂಂ. ಒಂದೊಂದನ್ನೇ ಯೇಸುವಿನ ಮುಂದೆ ಹಿಡಿ. ಆಮೇಲೆ ನುಂಗು." ಯೋಬಜ್ಜ ಮತ್ತೆ ಕುಟ್ಟತೊಡಗಿದ.

"ಅಷ್ಟೇನಾ?"

"ಅಷ್ಟೇ."

ಕರುಣವ್ವ ಕಣ್ಣು ಮುಚ್ಚಿದಳು. ಮೊದಲನೆಯದನ್ನು ಹಿಡಿದಳು. "ಸ್ವಾಮಿ, ನಮ್ಮವರು ಇನ್ನೊಬ್ಬಳ ಹತ್ತಿರ ಹೋಗಿದ್ದಾರಂತೆ." ಎರಡನೆಯದನ್ನೂ ಹಿಡಿದಳು. "ಸ್ವಾಮಿ, ಅವರು ಮುಂಜಾನೆಯೇ ಸತ್ತರಂತೆ."

ಎರಡನ್ನೂ ಒಟ್ಟಿಗೆ ನೋಡಿದಳು. ಮುಂಜಾನೆ ಸತ್ತವನು ಆಮೇಲೆ ಇನ್ನೊಬ್ಬಳಿಗೆ ಹಣ್ಣು ಕೊಡುವುದು ಹೇಗೆ?

ಆಕಾಶದಿಂದ ದನಿಯೇನೂ ಬರಲಿಲ್ಲ. ಆದರೆ ಅಷ್ಟು ಹೊತ್ತಿನಿಂದ ಕಾಣದ್ದು ಈಗ ಕಂಡಿತು. ಮೊದಲನೆಯದಕ್ಕೆ ಉಡನ ಬಾಯಿಮಾತು ಬಿಟ್ಟರೆ ಬೇರೆ ಆಧಾರವಿಲ್ಲ, ಅದು ಕೊಳೆತದ್ದು. ಎಸೆದಳು.

ಎರಡನೆಯದನ್ನು ಎಸೆಯಲು ಆಗಲಿಲ್ಲ. ಉಡ ಸುಳ್ಳ, ನಿಜ. ಹದ್ದು ಸುಳ್ಳಲ್ಲ. ಕಾಡಿನಲ್ಲಿ ಹದ್ದುಗಳಿವೆ. "ಸ್ವಾಮಿ, ಇದು ನನಗೆ ಗೊತ್ತಿಲ್ಲ. ನನ್ನ ಹತ್ತಿರ ಇಟ್ಟುಕೊಂಡರೆ ಕೈಕಾಲು ಆಡುವುದಿಲ್ಲ. ನೀನೇ ಇಟ್ಟುಕೋ" ಎಂದಳು. ಭಯ ಹೋಗಲಿಲ್ಲ. ಸ್ವಲ್ಪ ದೂರ ಸರಿದು ಕೂತಿತು.

ಮೂರನೆಯದು: ಮರಿಗಳು ಹಸಿದಿವೆ. ಇದು ನಿಜ. ಒಳಗೆ ಇಟ್ಟುಕೊಂಡಳು.

"ಅಜ್ಜಾ! ಮರಿಗಳಿಗೆ ನಾಲ್ಕು ಹುಳು ಕೊಡುತ್ತೀಯಾ?"

"ಬೆಳಿಗ್ಗೆಯೇ ಕೇಳಬಾರದಿತ್ತೇ?" ಎಂದು ಗೊಣಗುತ್ತ ಯೋಬಜ್ಜ ಬಂದ. ಹುಳು ಕೊಟ್ಟ. ಮರಿಗಳು ತಿಂದು ಸುಮ್ಮನಾದವು.

ಬಿಸಿಲು ಇಳಿಯತೊಡಗಿತು. ಯೋಬಜ್ಜ ಇನ್ನಷ್ಟು ಹುಳು ತರಲು ದೂರ ಹೋದ. ಬೇರಿನ ಬಳಿ ಕಾದು ಕಾದು ನಿದ್ದೆಹೋಗಿದ್ದ ಉಡನಿಗೆ ಹಸಿವಿನಿಂದ ಎಚ್ಚರವಾಯಿತು. ಸದ್ದಿಲ್ಲದೆ ಮರ ಹತ್ತಿದ.

"ಅಕ್ಕಾ, ಇನ್ನೂ ಒಳಗೇ ಇದ್ದೀಯಾ? ದೇವರ ಮಾತು ಮೀರುತ್ತೀಯಾ?"

ಕರುಣವ್ವ ಮರಿಗಳನ್ನು ಹಿಂದಕ್ಕೆ ಸರಿಸಿ ಬಿರುಕಿನ ಮರೆಗೆ ನಿಂತಳು.

"ನಿನ್ನಂಥ ತಾಯಿ ಯಾರಿಗೂ ಬೇಡ!"

ಈ ಮಾತು ನಾಟಿತು. ಕರುಣವ್ವ ಅದನ್ನು ಕೊಕ್ಕಿನ ತುದಿಯಲ್ಲೇ ಹಿಡಿದಳು. "ಸ್ವಾಮಿ, ನೋಡು ಇದನ್ನು" ಎಂದು ಒಳಗೊಳಗೇ ಹೇಳಿ, ಬಿಟ್ಟಳು.

ಒಳಗಿಂದ ಮಾತು ಕೇಳಿಸದ್ದರಿಂದ, ತಾನು ಮಲಗಿದ್ದಾಗ ಅವಳು ಹೊರಟುಹೋದಳೆಂದು ಉಡ ತಿಳಿದ. ಒಡೆದ ಬಿರುಕಿನಲ್ಲಿ ತಲೆ ತೂರಿಸಿದ. ನಾಲಗೆ ಚಾಚಿ ಮರಿಯ ವಾಸನೆ ಹಿಡಿದ.

ಕಟಕ್!

ಕರುಣವ್ವನ ದೊಡ್ಡ ಕೊಕ್ಕು ಅವನ ಮೂತಿಯನ್ನು ಅಡಕತ್ತರಿಯ ಹಾಗೆ ಹಿಡಿಯಿತು. ಬಾಯಿ ಬಿಡಲೂ ಆಗಲಿಲ್ಲ. ಅಷ್ಟೆಲ್ಲ ಮಾತಾಡಿದವನು "ಊಂ, ಊಂ" ಎಂದು ಬಾಲ ಬಡಿದ.

ಅಷ್ಟರಲ್ಲಿ ಮೇಲೆ ಭಾರವಾದ ರೆಕ್ಕೆಯ ಸದ್ದಾಯಿತು. ಹತ್ತಿರದ ಅತ್ತಿಮರ ಬರಿದಾಗಿ, ಸಮುವೇಲ ಎರಡು ಗುಡ್ಡ ದಾಟಿ ಹೋಗಿದ್ದ. ಎದುರುಗಾಳಿಯಲ್ಲಿ ಕೊಂಬೆ ತಾಗಿ ಒಂದು ರೆಕ್ಕೆ ತರಚಿತ್ತು. ಬಂದವನೇ ಉಡನ ಬೆನ್ನಿಗೆ ಎರಡು ಕುಟ್ಟಿದ. ಕರುಣವ್ವ ಹಿಡಿತ ಬಿಟ್ಟಳು. ಉಡ ಐವತ್ತು ಅಡಿ ಕೆಳಗೆ, ಮುಳ್ಳುಪೊದೆಗೆ ಬಿದ್ದ. ಮೂತಿ ಊದಿಕೊಂಡು ತಿಂಗಳುಗಟ್ಟಲೆ ಮಾತು ಹೊರಡಲಿಲ್ಲ.

ಸಮುವೇಲ ಹಣ್ಣು ಕೊಡುತ್ತ ಗೋಡೆ ನೋಡಿದ. "ಇದನ್ನು ಯಾರು ಒಡೆದದ್ದು?"

"ನಾನೇ."

"ಯಾಕೆ?"

"ನೀವು ಸತ್ತಿದ್ದಿರಿ. ಇನ್ನೊಬ್ಬಳನ್ನೂ ಕಟ್ಟಿಕೊಂಡಿದ್ದಿರಿ."

ಸಮುವೇಲ ಬಾಯಿ ತೆರೆದ. ಒಂದು ಹಣ್ಣು ಕೆಳಗೆ ಬಿತ್ತು.

"ಆಮೇಲೆ ಹೇಳುತ್ತೇನೆ. ಬೆಳಕಿರುವಾಗಲೇ ಮಣ್ಣು ತನ್ನಿ" ಎಂದಳು ಕರುಣವ್ವ.

ನೀತಿ: ಮನಸ್ಸಿಗೆ ಬಂದ ಯೋಚನೆಯನ್ನೆಲ್ಲ ನುಂಗಬೇಡ, ಒಂದೊಂದನ್ನೂ ಯೇಸುವಿನ ಮುಂದೆ ಹಿಡಿದು ನೋಡು. ಸುಳ್ಳನ್ನು ಎಸೆ, ತಿಳಿಯದ್ದನ್ನು ಅವನಿಗೆ ಒಪ್ಪಿಸು, ನಿಜವಾದದ್ದನ್ನು ಇಟ್ಟುಕೊಂಡು ಕೆಲಸ ಮಾಡು.