ಅರ್ಧ ಸೇರು ಕಮ್ಮಿ

ಬೋಳುಗುಡ್ಡದ ಬುಡದಲ್ಲಿ ಒಂದು ಕೆರೆ ಇದೆ. ಕೆರೆಯಿಂದ ಹೊರಟ ಕಾಲುದಾರಿ ಕುರುಚಲು ಕಾಡಿನೊಳಗೆ ಸ್ವಲ್ಪ ದೂರ ಹೋಗಿ ಎರಡಾಗಿ ಕವಲೊಡೆಯುತ್ತದೆ. ಬಲಗಡೆ ಕವಲು ಒಂದು ಜಾಲಿಮರದ ಹತ್ತಿರ ಬಂದು ನಿಲ್ಲುತ್ತದೆ. ಎಡಗಡೆ ಕವಲು ಒಂದು ಹಾಳುಬಾವಿಯ ಹತ್ತಿರ ಹೋಗಿ ನಿಲ್ಲುತ್ತದೆ. ಆ ಬಾವಿಯನ್ನು ಮನುಷ್ಯರು ನೀರಿಗಾಗಿ ತೋಡಿದರು. ನೀರು ಸಿಗಲಿಲ್ಲ. ಮುಚ್ಚುವುದನ್ನು ಮರೆತು ಮನೆಗೆ ಹೋದರು. ಮನುಷ್ಯರು ಬಹಳಷ್ಟು ಕೆಲಸಗಳನ್ನು ಹೀಗೆಯೇ ಮುಗಿಸುತ್ತಾರೆ, ಮಕ್ಕಳೇ.

ಜಾಲಿಮರದ ಕೆಳಗಿನ ಹಳೆಯ ಹುತ್ತದಲ್ಲಿ ಮುಂಗುಸಿ ನಾಗರತ್ನಮ್ಮನ ಸಂಸಾರ. ಮುಂಗುಸಿಗೆ ನಾಗರತ್ನ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅವಳಿಗೆ ಆ ಬಗ್ಗೆ ತಕರಾರಿರಲಿಲ್ಲ. ಸುತ್ತಲಿನ ಹಾವುಗಳಿಗೂ ತಕರಾರು ಹೇಳುವ ಧೈರ್ಯ ಇರಲಿಲ್ಲ. ಅವಳ ಗಂಡ ದಾಸಪ್ಪನದು ಮಾತು ಕಡಿಮೆ. ಪಕ್ಕದ ಬಂಡೆಯ ಅಡಿಯಲ್ಲಿ ಆಮೆ ತಿಮ್ಮಜ್ಜ ಒಬ್ಬನೇ ಇದ್ದ. ತಿಮ್ಮಜ್ಜ ಆ ಕೆರೆಯ ನೀರುಗಂಟಿ. ಅಂದರೆ ದಿನವೂ ಕೆರೆಗೆ ಹೋಗಿ, ನೀರು ಎಷ್ಟು ಬೆರಳು ಏರಿದೆ, ಎಷ್ಟು ಬೆರಳು ಇಳಿದಿದೆ ಎಂದು ನೋಡಿ ಬಂದು ಕಾಡಿಗೆಲ್ಲ ಹೇಳುವವನು. ಬೆಳಗ್ಗೆ ಹೊರಟರೆ ಹೊತ್ತು ಇಳಿಯುವಾಗ ಮನೆ ಸೇರುತ್ತಿದ್ದ. ದಾರಿಯೇನೂ ಉದ್ದವಿರಲಿಲ್ಲ. ನಡೆಯುವವನು ಆಮೆ.

ನಾಗರತ್ನಮ್ಮ ಒಳ್ಳೆಯವಳು. ಮನೆಯನ್ನು ಕನ್ನಡಿಯ ಹಾಗೆ ಇಟ್ಟುಕೊಂಡಿದ್ದಳು. ಅವಳಲ್ಲಿ ಇದ್ದದ್ದು ಒಂದೇ ದೋಷ: ಯಾವ ವಸ್ತು ಯಾತಕ್ಕೆ ಇದೆ ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ಇದರಿಂದ ಎಷ್ಟೋ ಸಮಯ ಉಳಿಯುತ್ತಿತ್ತು.

ಮೂರು ವರ್ಷದ ಹಿಂದೆ ದಾಸಪ್ಪ ಎಲ್ಲಿಂದಲೋ ಒಂದು ಹಂಡೆಯ ಕಬ್ಬಿಣದ ಮುಚ್ಚಳ ಎಳೆದು ತಂದು ಜಾಲಿಕೊಂಬೆಗೆ ನಾರಿನಿಂದ ಕಟ್ಟಿದ್ದ. ಅದರ ಪಕ್ಕಕ್ಕೆ ಒಂದು ಸೌಟನ್ನೂ ಇಳಿಬಿಟ್ಟಿದ್ದ. ಮಧ್ಯಾಹ್ನ ಇಳಿದ ಮೇಲೆ ಗುಡ್ಡದ ಕಡೆಯಿಂದ ಗಾಳಿ ಎದ್ದು ಕೆರೆಯ ಕಡೆಗೆ ಬೀಸುತ್ತದೆ. ಆಗ ಸೌಟು ಹೋಗಿ ಮುಚ್ಚಳಕ್ಕೆ ಬಡಿಯುತ್ತಿತ್ತು. ಟಣ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಣ್. ಸರಿಯಾಗಿ ನಾಗರತ್ನಮ್ಮ ಕಣ್ಣು ಮುಚ್ಚುವ ಹೊತ್ತಿಗೆ.

ಇದನ್ನು ಯಾಕೆ ಕಟ್ಟಿದಿರಿ ಎಂದು ಅವಳು ಕೇಳಲಿಲ್ಲ. 'ಗಂಡಸರ ಕೈ ಸುಮ್ಮನಿರೋದಿಲ್ಲ, ಏನಾದರೂ ತೂಗುಹಾಕ್ತಾ ಇರಬೇಕು' ಎಂದು ತಾನೇ ಹೇಳಿಕೊಂಡಳು. ಅಲ್ಲಿಗೆ ಆ ವಿಷಯ ಮುಗಿಯಿತು. ಸದ್ದು ಮಾತ್ರ ಮುಗಿಯಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ದಾರಿಯಲ್ಲಿ ಕೂಗು ಕೇಳಿಸಿತು.

"ಹಳೇ ಕಬ್ಬಿಣಾ... ಹಳೇ ತಗಡೂ... ತೂತು ಬಿದ್ದ ಪಾತ್ರೇ..."

ಗುಜರಿ ಹೊನ್ನಪ್ಪ ಬಂದಿದ್ದ. ಹೊನ್ನಪ್ಪ ಚಿಪ್ಪುಹಂದಿ. ಮೈತುಂಬ ತಗಡಿನಂಥ ಚಿಪ್ಪು ಹೊದ್ದವನು ಹಳೇ ತಗಡಿನ ವ್ಯಾಪಾರ ಮಾಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಬೆನ್ನ ಮೇಲೆ ಗೋಣಿಚೀಲ, ಕೈಯಲ್ಲಿ ತಕ್ಕಡಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಅಯಸ್ಕಾಂತ. ಇನ್ನೊಂದು ಚೀಲದಲ್ಲಿ ಫಳಫಳ ಹೊಳೆಯುವ ಹೊಸ ಸ್ಟೀಲ್ ಪಾತ್ರೆಗಳು. ಹಳೆಯದನ್ನು ಕೊಟ್ಟರೆ ತೂಕಕ್ಕೆ ತಕ್ಕ ಹೊಸದು.

"ಹೊನ್ನಪ್ಪ, ಆ ಮುಚ್ಚಳದ ಡಬ್ಬಿಗೆ ಎಷ್ಟು ಕೊಡಬೇಕು?" ಎಂದಳು ನಾಗರತ್ನಮ್ಮ. ಅಂಥ ಡಬ್ಬಿ ಹೊಂಗೆಮರದ ಅಳಿಲಿನ ಮನೆಯಲ್ಲಿ ಆಗಲೇ ಇತ್ತು. ಅದನ್ನು ನೋಡಿ ಬಂದ ದಿನದಿಂದ ಅವಳಿಗೆ ತನ್ನ ಮನೆಯಲ್ಲಿ ತಿನ್ನಲು ತಂದಿಟ್ಟ ಮೊಟ್ಟೆಗಳು ನೆಲದ ಮೇಲೆ ಅನಾಥವಾಗಿ ಬಿದ್ದಿರುವಂತೆ ಕಾಣುತ್ತಿದ್ದವು.

"ಐದು ಸೇರು ಕಬ್ಬಿಣ, ತಾಯಿ. ನಿಮಗಾಗಿ."

"ಬೇರೆಯವರಿಗೆ?"

"ಬೇರೆಯವರಿಗೂ ಐದೇ. ಆದರೆ ಅವರಿಗಾಗಿ ಅಂತ ಹೇಳೋದಿಲ್ಲ."

ನಾಗರತ್ನಮ್ಮ ಒಳಗೆ ಹೋಗಿ ಹಿಡಿ ಮುರಿದ ಬಾಣಲೆ, ತುಕ್ಕು ಹಿಡಿದ ಸೈಕಲ್ ಚೈನು, ಒಂದು ಕಾಲಿನ ಇಕ್ಕಳ, ತಳ ಸೋರುವ ಕೊಡ, ಒಂದು ಕಪ್ಪು ಮಗ್ಗು ಎಲ್ಲವನ್ನೂ ಎಳೆದು ತಂದಳು. ಹೊನ್ನಪ್ಪ ಒಂದೊಂದಕ್ಕೂ ಅಯಸ್ಕಾಂತ ಒತ್ತಿ ನೋಡಿದ. ಕೊನೆಗೆ ಮಗ್ಗನ್ನು ಪಕ್ಕಕ್ಕಿಟ್ಟ.

"ಇದು ಪ್ಲಾಸ್ಟಿಕ್ಕು, ತಾಯಿ."

"ಬಣ್ಣ ಕಬ್ಬಿಣದ್ದೇ ಇದೆಯಲ್ಲ."

"ಬಣ್ಣ ತೂಗೋ ತಕ್ಕಡಿ ನನ್ನ ಹತ್ತಿರ ಇಲ್ಲ."

ತೂಕಕ್ಕೆ ಹಾಕಿದ. ತಕ್ಕಡಿಯ ಮುಳ್ಳು ಅತ್ತಿತ್ತ ಓಲಾಡಿ ಒಂದು ಕಡೆ ನಿಂತಿತು.

"ನಾಲ್ಕೂವರೆ. ಅರ್ಧ ಸೇರು ಕಮ್ಮಿ."

"ಅರ್ಧ ಸೇರು ಒಂದು ದೊಡ್ಡದಾ? ನಿನ್ನ ಬೆರಳು ಸ್ವಲ್ಪ ಒತ್ತಿದರೆ ಆಯ್ತು."

"ಬೆರಳು ಒತ್ತೋ ಗುಜರಿಯವನು ಬೇಕಾದರೆ ಮಂಗಳವಾರ ಬರ್ತಾನೆ. ಅವನು ತನ್ನ ಕಡೆಗೆ ಒತ್ತುತ್ತಾನೆ."

ಮಕ್ಕಳೇ, ಅರ್ಧ ಸೇರು ಕಮ್ಮಿ ಬಿದ್ದಾಗ ಏನಾಗುತ್ತದೆ ಎಂದರೆ, ಮನೆಯಲ್ಲಿ ಅದುವರೆಗೆ ಕಣ್ಣಿಗೆ ಬೀಳದ ವಸ್ತುಗಳೆಲ್ಲ ಒಂದೊಂದಾಗಿ ತಮ್ಮ ತೂಕ ಹೇಳತೊಡಗುತ್ತವೆ. ನಾಗರತ್ನಮ್ಮ ಸುತ್ತ ನೋಡಿದಳು. ಒಳಗೆ ನೋಡಿದಳು. ಕೊನೆಗೆ ತಲೆ ಎತ್ತಿ ನೋಡಿದಳು. ಜಾಲಿಕೊಂಬೆಯಲ್ಲಿ ಮುಚ್ಚಳ ಸುಮ್ಮನೆ ನೇತಾಡುತ್ತಿತ್ತು. ಡಬ್ಬಿಯೂ ಬರುತ್ತದೆ, ಮಧ್ಯಾಹ್ನದ ನಿದ್ದೆಯೂ ಬರುತ್ತದೆ. ಇಷ್ಟು ಸುಲಭದ ಲೆಕ್ಕ ಮೂರು ವರ್ಷ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೇ ಬೇಸರವಾಯಿತು.

ಅವಳು ಮರ ಹತ್ತಿ ನಾರನ್ನು ಕಚ್ಚಿ ಕಡಿದಳು. ಮುಚ್ಚಳ, ಸೌಟು ಎರಡೂ ಬಿದ್ದವು.

"ಯಜಮಾನರನ್ನ ಒಂದು ಮಾತು ಕೇಳೋದು ಬೇಡವಾ?" ಎಂದ ಹೊನ್ನಪ್ಪ. ಅವನ ವ್ಯಾಪಾರದಲ್ಲಿ ಇದೊಂದು ಪ್ರಶ್ನೆಯನ್ನು ಅವನು ತಪ್ಪದೆ ಕೇಳುತ್ತಿದ್ದ. ಉತ್ತರ ಏನು ಬಂದರೂ ವ್ಯಾಪಾರ ಮುಂದುವರಿಯುತ್ತಿತ್ತು.

"ಕೇಳಿದರೆ ಬೇಡ ಅಂತಾರೆ. ಅದಕ್ಕೇ ಕೇಳ್ತಾ ಇಲ್ಲ."

ಮುಳ್ಳು ನಡುವಿಗೆ ಬಂತು. ಹೊನ್ನಪ್ಪ ಡಬ್ಬಿ ಅವಳ ಕೈಗಿಟ್ಟ. ಆಮೇಲೆ ಎಲ್ಲ ಗುಜರಿಯವರೂ ಮಾಡುವ ಹಾಗೆ, ಕೊಂಡದ್ದನ್ನು ಚೀಲದಲ್ಲಿ ಹಿಡಿಸುವುದಕ್ಕಾಗಿ ಕಲ್ಲು ಎತ್ತಿ ಜಜ್ಜಿದ. ಬಾಣಲೆ ಚಪ್ಪಟೆಯಾಯಿತು. ಕೊಡ ಚಪ್ಪಟೆಯಾಯಿತು. ಮುಚ್ಚಳ ಎರಡಾಗಿ ಮಡಚಿಕೊಂಡು ಹಪ್ಪಳದಂತೆ ಆಯಿತು. ಹೊನ್ನಪ್ಪ ಚೀಲ ಹೊತ್ತು ಗುಡ್ಡದ ಆಚೆಗೆ ಹೋದ.

ಅವತ್ತು ಮಧ್ಯಾಹ್ನ ಗಾಳಿ ಎದ್ದಿತು. ಸದ್ದಿರಲಿಲ್ಲ. ನಾಗರತ್ನಮ್ಮ ಡಬ್ಬಿಯನ್ನು ಹುತ್ತದ ಬಾಗಿಲಲ್ಲಿ ಇಟ್ಟು, ಅದರಲ್ಲಿ ತನ್ನ ಮುಖ ನೋಡಿ, ಮೂರು ವರ್ಷದ ನಿದ್ದೆಯನ್ನೆಲ್ಲ ಒಂದೇ ಸಲ ಮಾಡಿದಳು.

ಎಚ್ಚರವಾದಾಗ ಎದುರಿಗೆ ದಾಸಪ್ಪ ನಿಂತಿದ್ದ. ಅವನು ತಂದಿದ್ದ ಮೊಟ್ಟೆ ಕಾಲ ಬಳಿ ಬಿದ್ದಿತ್ತು. ಅವನು ಅವಳನ್ನು ನೋಡುತ್ತಿರಲಿಲ್ಲ. ಕೊಂಬೆ ನೋಡುತ್ತಿದ್ದ.

"ಮುಚ್ಚಳ ಎಲ್ಲಿ?"

"ಅರ್ಧ ಸೇರು ಕಮ್ಮಿ ಬಿತ್ತು. ಅದಕ್ಕೆ ಹಾಕಿದೆ. ಡಬ್ಬಿ ನೋಡಿ, ಎಷ್ಟು ಚೆನ್ನಾಗಿದೆ."

ದಾಸಪ್ಪ ಡಬ್ಬಿ ನೋಡಲಿಲ್ಲ. "ತಿಮ್ಮಜ್ಜ ಬಂದನಾ?"

"ಅವನು ಬಂದರೇನು, ಬಿಟ್ಟರೇನು, ಮುಚ್ಚಳಕ್ಕೂ ಅವನಿಗೂ ಏನು?"

ಆಗ ದಾಸಪ್ಪ ಮಾತಾಡಿದ. ಮದುವೆಯಾದ ಮೇಲೆ ಅವನು ಒಂದೇ ಉಸಿರಿಗೆ ಅಷ್ಟು ಮಾತು ಆಡಿದ್ದು ಅದೇ ಮೊದಲು.

"ಅಜ್ಜನ ಕಣ್ಣಿಗೆ ಪೊರೆ ಬಂದು ಮೂರು ವರ್ಷ ಆಯ್ತು, ರತ್ನ. ಹಗಲೂ ಕಾಣೋದಿಲ್ಲ. ಹೋಗುವಾಗ ಇಳಿಜಾರು, ನೀರಿನ ವಾಸನೆ ಹಿಡಿದು ಹೋಗ್ತಾನೆ. ಕಾಲು ಅದ್ದಿ ನೀರು ಅಳೀತಾನೆ. ಬರುವಾಗ ಕವಲಿನಲ್ಲಿ ನಿಂತು ಕಿವಿ ಕೊಡ್ತಾನೆ. ಸದ್ದು ಎತ್ತಲೋ, ಮನೆ ಅತ್ತ. ಗಾಳಿ ಇಲ್ಲದ ದಿನ ನಾನೇ ಹೋಗಿ ಬಡೀತೀನಿ. ಕಾಣೋದಿಲ್ಲ ಅಂತ ಗೊತ್ತಾದರೆ ಅವನ ಕೆಲಸ ಅದರ ಮೇಲೆ ಕಣ್ಣಿಟ್ಟಿರೋ ಕೆರೆ ಏಡಿಗೆ ಕೊಡ್ತಾರೆ. ಅದಕ್ಕೆ ಯಾರಿಗೂ ಹೇಳಲಿಲ್ಲ."

"ನನಗೂ ಹೇಳಲಿಲ್ಲ."

"ನೀನು ಕೇಳಲಿಲ್ಲ."

ಇದು ಜಗಳ ಆಡಬಹುದಾದ ಮಾತು. ಬೇರೆ ದಿನವಾಗಿದ್ದರೆ ನಾಗರತ್ನಮ್ಮ ಇದರಿಂದ ಒಂದು ವಾರದ ಜಗಳ ತೆಗೆಯುತ್ತಿದ್ದಳು. ಅವತ್ತು ಅವಳೂ ತಲೆ ಎತ್ತಿ ಬರಿಗೊಂಬೆ ನೋಡಿದಳು. ಆ ಮುಚ್ಚಳ ಚಪ್ಪಟೆಯಾದದ್ದನ್ನು ಅವಳು ನಿಂತು ನೋಡಿದ್ದಳು. ಹೊನ್ನಪ್ಪನ ಹಿಂದೆ ಓಡಿದರೂ ಸಿಗುವುದು ಹಪ್ಪಳ.

ಇಬ್ಬರೂ ಹುತ್ತದ ನೆತ್ತಿಗೆ ಹತ್ತಿದರು. ಅಲ್ಲಿಂದ ಎರಡೂ ಕವಲು ಕಾಣುತ್ತಿದ್ದವು. ಬಲಗಡೆ ಯಾರೂ ಇರಲಿಲ್ಲ. ಎಡಗಡೆ, ಹಾಳುಬಾವಿಯಿಂದ ನಾಲ್ಕು ಮಾರು ಈಚೆಗೆ, ಒಂದು ಕಂದು ಬೆನ್ನು ನಿಧಾನವಾಗಿ ಮುಂದೆ ಹೋಗುತ್ತಿತ್ತು. ಹೋಗುತ್ತಿತ್ತು, ನಿಲ್ಲುತ್ತಿತ್ತು, ಕುತ್ತಿಗೆ ಉದ್ದ ಮಾಡಿ ಕೇಳುತ್ತಿತ್ತು, ಮತ್ತೆ ಹೋಗುತ್ತಿತ್ತು.

"ಕೂಗಲಾ?" ಎಂದಳು ನಾಗರತ್ನಮ್ಮ.

"ಬೇಡ. ಗಾಬರಿಯಾದರೆ ತಲೆ, ಕಾಲು ಒಳಗೆ ಎಳ್ಕೋತಾನೆ. ಬಾವಿ ಕಡೆ ಇಳಿಜಾರು. ಕಾಲಿಲ್ಲದ ಆಮೆ ಕಲ್ಲಿನ ಹಾಗೆ ಉರುಳುತ್ತೆ. ಹಿಡಿದೆಳೆದರೂ ಅಷ್ಟೆ. ಆ ಭಾರ ನಮ್ಮಿಬ್ಬರ ಕೈಲಿ ನಿಲ್ಲೋದಿಲ್ಲ."

"ಮತ್ತೆ ಏನು ಮಾಡೋದು, ಹೇಳಿ."

ಅವಳು ಕೇಳಿದ್ದಳು. ಆದರೆ ದಾಸಪ್ಪ ಆಗಲೇ ಬಾವಿಯ ಕಡೆ ಓಡಿದ್ದ. ಏನೂ ಮಾಡಲಾಗದಿದ್ದರೂ ಹತ್ತಿರ ಇರೋಣ ಎಂದು ಓಡುವವರು ಇರುತ್ತಾರಲ್ಲ, ಹಾಗೆ.

ನಾಗರತ್ನಮ್ಮ ಕೆಳಗೆ ಇಳಿದಳು. ಡಬ್ಬಿ ಬಾಗಿಲಲ್ಲಿ ಹೊಳೆಯುತ್ತ ಕೂತಿತ್ತು. ಅವಳು ಅದನ್ನು ಜಾಲಿಮರದ ಬುಡಕ್ಕೆ ಒಯ್ದು, ಬೋರಲು ಹಾಕಿ, ಕೈಗೆ ಸಿಕ್ಕಿದ ಕಲ್ಲು ತೆಗೆದುಕೊಂಡು ಬಡಿದಳು.

ಸ್ಟೀಲಿನ ಸದ್ದು ಕಬ್ಬಿಣದ ಸದ್ದಲ್ಲ. ಅದು ತೆಳ್ಳಗೆ, ಕೀರಲಾಗಿ ಬಂತು. ದೂರದ ಕಂದು ಬೆನ್ನು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅವಳು ಕಲ್ಲು ಬದಲಾಯಿಸಿ, ಎರಡೂ ಕೈಯಲ್ಲಿ ಎತ್ತಿ, ದಪ್ಪ ಕಲ್ಲಿನಿಂದ ಹೊಡೆದಳು. ಡಬ್ಬಿಯ ತಳ ಒಳಕ್ಕೆ ಹೋಯಿತು. ಟಣ್. ಇನ್ನೊಂದು. ಅವಳ ಮುಖ ಕಾಣುತ್ತಿದ್ದ ಜಾಗದಲ್ಲಿ ತಗ್ಗು ಬಿತ್ತು. ಟಣ್. ಟಣ್. ಟಣ್. ಕಣ್ಣಲ್ಲಿ ನೀರು ಬಂದು ಅವಳಿಗೆ ಬಾವಿಯೂ ಕಾಣಲಿಲ್ಲ, ಅಜ್ಜನೂ ಕಾಣಲಿಲ್ಲ. ಕಾಣದಿದ್ದರೆ ಹೇಗಿರುತ್ತದೆ ಎಂದು ಆಗ ಅವಳಿಗೆ ಗೊತ್ತಾಯಿತು. ಬಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಬಾವಿಯ ಬಾಯಿ ಒಂದೂವರೆ ಮಾರು ದೂರ ಇದ್ದಾಗ ತಿಮ್ಮಜ್ಜ ನಿಂತ. ಕುತ್ತಿಗೆ ತಿರುಗಿಸಿದ. ಆಮೇಲೆ ಮೈ ತಿರುಗಿಸಿದ. ಆಮೆ ತಿರುಗುವುದು ಸಣ್ಣ ಕೆಲಸವಲ್ಲ. ಬಾವಿಯ ಅಂಚಿನಲ್ಲಿ ಕುಳಿತಿದ್ದ ದಾಸಪ್ಪ ಅಷ್ಟು ಹೊತ್ತೂ ಉಸಿರು ಬಿಡಲಿಲ್ಲ. ಅಜ್ಜ ಬಂದ ದಾರಿಯಲ್ಲೇ ಕವಲಿನವರೆಗೆ ಹೋಗಿ, ಬಲಗಡೆ ಕವಲಿಗೆ ಹೊರಳಿ, ಸದ್ದಿನ ಕಡೆಗೆ ನಡೆದ. ದಾಸಪ್ಪ ಹತ್ತು ಹೆಜ್ಜೆ ಹಿಂದೆ, ಕಾಲಿನ ಸಪ್ಪಳವಾಗದಂತೆ, ಬಂದ.

ತಿಮ್ಮಜ್ಜ ಜಾಲಿಮರ ತಲುಪುವಾಗ ಸೂರ್ಯ ಗುಡ್ಡಕ್ಕೆ ತಾಗಿದ್ದ. ನಾಗರತ್ನಮ್ಮ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟು, ತರಚಿದ ಅಂಗೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡಳು. ಕಾಣದವನ ಎದುರಿಗೆ ಯಾಕೆ ಮುಚ್ಚಿಕೊಂಡಳೋ.

"ಬಂದೆಯಾ, ಅಜ್ಜ," ಎಂದಳು. "ಇವತ್ತು ತಡವಾಯ್ತು."

"ದಾರಿಯಲ್ಲಿ ಯಾರೋ ಮಾತಿಗೆ ಸಿಕ್ಕರಮ್ಮ. ಕೆರೆ ನೀರು ಎರಡು ಬೆರಳು ಇಳಿದಿದೆ. ಏಡಿ ಕೇಳಿದರೆ ಹೇಳು, ಎರಡೇ ಅಂತ. ಅವನು ಮೂರು ಅಂತಾನೆ."

"ಹೇಳ್ತೀನಿ, ಅಜ್ಜ."

"ಗಾಳಿ ಇವತ್ತು ಜೋರಾಗಿದೆ," ಎಂದ ತಿಮ್ಮಜ್ಜ.

"ಹೌದಜ್ಜ. ಬಹಳ ಗಾಳಿ," ಎಂದಳು ನಾಗರತ್ನಮ್ಮ.

ತಿಮ್ಮಜ್ಜ ತನ್ನ ಬಂಡೆಯ ಕಡೆ ನಾಲ್ಕು ಹೆಜ್ಜೆ ಇಟ್ಟ. ಆಮೇಲೆ ನಿಂತು, ತಿರುಗದೆಯೇ ಹೇಳಿದ:

"ಗಾಳಿಗೆ ಇಷ್ಟು ಅವಸರ ಇರೋದಿಲ್ಲ, ಮಗಳೇ. ದಾಸಪ್ಪ ಬಡಿದರೂ ನಿಧಾನ ಬಡೀತಾನೆ. ನಾಳೆಯಿಂದ ನೀನೂ ನಿಧಾನ ಬಡಿ. ಕೈ ನೋಯಿಸ್ಕೋಬೇಡ."

ಮರದ ಹಿಂದೆ ನಿಂತಿದ್ದ ದಾಸಪ್ಪ ನೆಲ ನೋಡಿದ. ಆ ಸದ್ದು ತನಗಾಗಿಯೇ ಕಟ್ಟಿದ್ದು ಎಂದು ಅಜ್ಜನಿಗೆ ಗೊತ್ತಿಲ್ಲ ಎಂದುಕೊಂಡು ಮೂರು ವರ್ಷ ಅವನು ಬಾಯಿ ಮುಚ್ಚಿಕೊಂಡಿದ್ದ. ಗೊತ್ತಿದೆ ಎಂದು ಗೊತ್ತಾದರೆ ದಾಸಪ್ಪನಿಗೆ ಮುಜುಗರವಾದೀತು ಎಂದು ಅಜ್ಜನೂ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದ.

ನಾಗರತ್ನಮ್ಮ ಸೆರಗಿಲ್ಲದ ಪ್ರಾಣಿಯಾದ್ದರಿಂದ ಬಾಲದಿಂದಲೇ ಕಣ್ಣೊರೆಸಿಕೊಂಡಳು. ಆಮೇಲೆ ಹೋಗಿ ಅಜ್ಜನ ಮುಂದೆ ಮುಂದೆ ನಡೆದಳು, ಬಂಡೆಯವರೆಗೆ, ದಾರಿಯಲ್ಲಿದ್ದ ಮುಳ್ಳುಗಳನ್ನು ಪಕ್ಕಕ್ಕೆ ಸರಿಸುತ್ತ, ತಾನು ಸರಿಸುತ್ತಿದ್ದೇನೆ ಎಂದು ಹೇಳದೆ.

ನೀತಿ: ತಕ್ಕಡಿ ಒಂದು ವಸ್ತುವಿನ ಭಾರ ಹೇಳುತ್ತದೆ, ಅದು ಯಾರಿಗೆ ಬೇಕು ಎಂದು ಹೇಳುವುದಿಲ್ಲ, ಅದನ್ನು ತಿಳಿಯಲು ಮಾರುವ ಮೊದಲು ಮನೆಯವರನ್ನು ಒಂದು ಮಾತು ಕೇಳಬೇಕು.