ಕಟ್ಟದೆ ಬಿಟ್ಟ ಪಕ್ಕೆಲುಬು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಮನುಷ್ಯರಿಗೆ ಬೆನ್ನೆಲುಬೂ ಇರಲಿಲ್ಲ, ಪಕ್ಕೆಲುಬೂ ಇರಲಿಲ್ಲ. ಒಗೆದು ಹಾಕಿದ ಸೀರೆಯ ಹಾಗೆ ನೆಲದ ಮೇಲೆ ಬಿದ್ದುಕೊಂಡೇ ಬಾಳುವೆ ಮಾಡುತ್ತಿದ್ದರು.

ಬೆನ್ನೆಲುಬು ಇದ್ದದ್ದು ಎರೆಹುಳುವಿಗೆ. ನಗಬೇಡ, ನಿಜ! ಕತ್ತಿನಿಂದ ಸೊಂಟದವರೆಗೆ ಗಂಟು ಗಂಟಾಗಿ ಪೋಣಿಸಿದ ಬೆನ್ನೆಲುಬು. ಅದರ ಎರಡೂ ಕಡೆಯಿಂದ ಬುಟ್ಟಿಯ ಕಡ್ಡಿಗಳಂತೆ ಬಾಗಿ ಎದೆಗೆ ಬಂದು ಸೇರುವ ಪಕ್ಕೆಲುಬು. ತಲೆಯೆತ್ತಿ ನಡೆಯುತ್ತಿದ್ದ ಅವಳನ್ನು ಎಲ್ಲರೂ ಎರೆಯಕ್ಕ ಎನ್ನುತ್ತಿದ್ದರು.

ಎರೆಯಕ್ಕನ ನೆರೆಯಲ್ಲಿ ದುಗ್ಗವ್ವ ಎಂಬ ಹೆಂಗಸು ಇದ್ದಳು. ಅವಳಿಗೊಂದು ಹೆಣ್ಣು ಕೂಸು, ಹೆಸರು ಪುಟ್ಟೀರಿ. ಪಾಪ, ಎಳೆದುಕೊಂಡ ಉಸಿರು ಆ ಕೂಸಿನೊಳಗೆ ಉಳಿಯುತ್ತಲೇ ಇರಲಿಲ್ಲ. ಎದೆ ಕುಸಿದು ಬೀಳುತ್ತಿತ್ತು. ತುಟಿ ನೀಲಿಗಟ್ಟಿದ ದಿನ ದುಗ್ಗವ್ವನ ಜೀವ ಬಾಯಿಗೆ ಬಂತು. ತೆವಳುತ್ತಾ ಹೋಗಿ ಎರೆಯಕ್ಕನ ಬಾಗಿಲಲ್ಲಿ ಅತ್ತಳು.

“ಅಕ್ಕಾ, ನಿನ್ನ ಎಲುಬಿನ ಗೂಡು ಕೈಗಡ ಕೊಡು. ಕೂಸು ಸುಧಾರಿಸಿಕೊಂಡ ಮೇಲೆ ತಂದುಕೊಡ್ತೀನಿ.”

ಆ ಕಾಲದಲ್ಲಿ ನೆರೆಹೊರೆಯವರು ಮೊರ, ಬುಟ್ಟಿ, ಕೆಂಡ, ಏನು ಕೇಳಿದರೂ ಇಲ್ಲ ಎನ್ನುತ್ತಿರಲಿಲ್ಲ. ಎರೆಯಕ್ಕ ಗೂಡನ್ನು ಬಿಚ್ಚಿ ಕೊಟ್ಟಳು. ಕೊಟ್ಟವಳೇ ನೆಲಕ್ಕೆ ಕುಸಿದಳು.

“ಬೇಗ ತಂದುಕೊಡವ್ವಾ. ಬಿಸಿಲು ತಡೆಯೋಕಾಗ್ತಿಲ್ಲ,” ಎಂದಳು.

ದುಗ್ಗವ್ವ ಗೂಡನ್ನು ಕೂಸಿಗೆ ತೊಡಿಸಿದಳು. ಒಂದೊಂದೇ ಪಕ್ಕೆಲುಬನ್ನು ಎದೆಯ ಮೇಲೆ ತಂದು ಕಟ್ಟಿದಳು. ತೀರಾ ಕೆಳಗಿನವನ್ನು ಮಾತ್ರ ಕಟ್ಟಲಿಲ್ಲ. ಇಸಿದುಕೊಂಡ ವಸ್ತು ತಾನೇ, ನಾಳೆ ಬಿಚ್ಚುವಾಗ ಸಲೀಸಾಗಲಿ ಎಂದು ತುದಿಗಳನ್ನು ಹಾಗೇ ಬಿಟ್ಟಳು.

ಕೂಸಿನ ಎದೆ ಏರಿತು, ಇಳಿಯಿತು. ಮತ್ತೆ ಏರಿತು, ಇಳಿಯಿತು. ಕೂಸು ಕೂತಿತು, ನಿಂತಿತು, ಅಂಗಳದ ತುಂಬ ಓಡಿತು.

ಮಾತು ಉಳಿಸಿಕೊಳ್ಳುವ ದಿನ ಬಂತು. ದುಗ್ಗವ್ವ ಬಿಚ್ಚಲೆಂದು ಮಗಳ ಪಕ್ಕೆಗೆ ಕೈ ಹಾಕಿದಳು. ಕಚಗುಳಿಯಾಗಿ ಪುಟ್ಟೀರಿ ಕಿಲಕಿಲ ನಕ್ಕಳು. ದುಗ್ಗವ್ವನ ಕೈ ಅಲ್ಲೇ ನಿಂತಿತು.

ಗಾಳಿ ಅವಳ ಕಿವಿಯಲ್ಲಿ ಪಿಸುಗುಟ್ಟಿತು. “ಆ ತುದಿಗಳನ್ನೂ ಕಟ್ಟಿಬಿಡು ದುಗ್ಗವ್ವಾ. ಕಟ್ಟಿದ್ರೆ ನಿಂದೇ ಆಯ್ತು. ಕೇಳೋರು ಯಾರು?”

“ಕೊಡೋಕೆ ಕೈ ಬರ್ತಿಲ್ಲ, ನಿಜ. ಹಾಗಂತ ನಮ್ಮದು ಅನ್ನೋಕೆ ಬಾಯಿ ಬರಲ್ಲಪ್ಪಾ,” ಎಂದು ದುಗ್ಗವ್ವ ಗೊಳೋ ಎಂದು ಅತ್ತಳು.

ಆಗಷ್ಟೇ ಮಳೆ ಬಂದು ನಿಂತಿತ್ತು. ಎರೆಯಕ್ಕ ಕೆಸರಲ್ಲಿ ತೆವಳಿಕೊಂಡು ಹೊಸ್ತಿಲಿಗೆ ಬಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೂ ದುಃಖ ಉಕ್ಕಿ ಬಂತು. ಆದರೆ ಒಳಗೆ ಪುಟ್ಟೀರಿ ಇನ್ನೂ ನಗುತ್ತಿದ್ದಳು.

“ಇರ್ಲಿ ಬಿಡು ತಂಗಿ,” ಎಂದಳು ಎರೆಯಕ್ಕ. “ಅವಳ ಓಡಾಟ ಎಲ್ಲ ಮುಗಿದು ಮಣ್ಣಿಗೆ ಬಂದಾಗ ಕೊಡಲಿ. ಮಣ್ಣೊಳಗೆ ತಂಪಾಗಿದೆ, ಕಾದಿರ್ತೀನಿ.”

ಹಾಗೆಂದು ಕೆಸರು ಸರಿಸಿಕೊಂಡು ಒಳಗೆ ಇಳಿದುಹೋದಳು. ಮತ್ತೆಂದೂ ತಲೆಯೆತ್ತಿ ನಡೆಯಲಿಲ್ಲ. ದುಗ್ಗವ್ವ ತಾನು ಬದುಕಿದ್ದಷ್ಟು ಕಾಲವೂ ಮಳೆ ಬಂದಾಗಲೆಲ್ಲ ಹೊಸ್ತಿಲ ಬಳಿ ಬಿದ್ದುಕೊಂಡು ಅತ್ತಳು. ಪುಟ್ಟೀರಿಯ ಮಕ್ಕಳು, ಮೊಮ್ಮಕ್ಕಳು ಎಲುಬಿನ ಗೂಡು ತೊಟ್ಟುಕೊಂಡೇ ಹುಟ್ಟಿದರು, ತುದಿ ಕಟ್ಟಿಸಿಕೊಳ್ಳದೆ.

ಅದಕ್ಕೇ ಮಗು, ಮಳೆ ನಿಂತ ಮೇಲೆ ಎರೆಹುಳು ತನ್ನ ಗೂಡನ್ನು ನೋಡಿಕೊಂಡು ಹೋಗಲು ನಮ್ಮ ಅಂಗಳಕ್ಕೆ ಬರುವುದು. ತುಳಿಯದೆ ದಾಟು. ಆಮೇಲೆ ನಿನ್ನ ಪಕ್ಕೆಯ ಕೆಳಗೆ, ಕಚಗುಳಿಯಾಗುವಲ್ಲಿ, ಮೆಲ್ಲಗೆ ಬೆರಳಿಟ್ಟು ನೋಡು: ಕೊನೆಯ ಪಕ್ಕೆಲುಬಿನ ತುದಿಯನ್ನು ಇವತ್ತಿಗೂ ಯಾರೂ ಕಟ್ಟಿಲ್ಲ.