ಖಾಲಿಯಾಗದ ಕವಣೆಚೀಲ

ಮಂಜರಿಗೆ ಹದಿನಾರು ವರ್ಷ. ಬಲಗೈ ವೇಗದ ಬೌಲರ್. ಕಳೆದ ಹನ್ನೆರಡು ದಿನಗಳಲ್ಲಿ ಶಾಲೆಯ ತಂಡಕ್ಕೆ ಇಪ್ಪತ್ತೆಂಟು ಓವರ್ ಎಸೆದಿದ್ದಾಳೆ. ಕ್ಲಬ್ಬಿಗೆ ಇಪ್ಪತ್ತನಾಲ್ಕು. ಜಿಲ್ಲಾ ತಂಡಕ್ಕೆ ಮೂವತ್ತೊಂದು. ನೆಟ್ಸ್‌ನಲ್ಲಿ ಎಸೆದದ್ದನ್ನು ಯಾರೂ ಎಣಿಸಿಲ್ಲ. ನಾಲ್ಕು ದಿನಗಳಿಂದ ಬೆನ್ನಿನ ಕೆಳಗೆ, ಎಡಭಾಗದಲ್ಲಿ, ನೋವಿದೆ. ಹಿಂದಕ್ಕೆ ಬಾಗಿದರೆ ಹೆಚ್ಚುತ್ತದೆ. ನಾಳೆ ಫೈನಲ್.

ಜಿಲ್ಲಾ ತಂಡದ ತರಬೇತುದಾರ ಇಂದುಧರ ಈ ಸಂಗತಿಗಳನ್ನು ಒಂದೊಂದಾಗಿ ತನ್ನ ಗುರುವಿನ ಮುಂದೆ ಇಟ್ಟನು. ಗುರು ಶೇಷಗಿರಿ ಮಾಸ್ತರರು ನಲವತ್ತು ವರ್ಷ ವೇಗದ ಬೌಲರುಗಳನ್ನು ತಿದ್ದಿದವರು. ಅವರ ಮನೆಯ ಹೊಸ್ತಿಲ ಮೇಲೆ ಹೊಲಿಗೆ ಸವೆದ ಹಳೆಯ ಚೆಂಡೊಂದಿತ್ತು. ಬಾಗಿಲು ಬಡಿಯದಿರಲೆಂದು ಇಟ್ಟಿರಬೇಕು ಎಂದುಕೊಂಡು ಇಂದುಧರ ಅದನ್ನು ದಾಟಿ ಒಳಗೆ ಬಂದಿದ್ದನು.

"ಒಂದೇ ಒಂದು ಸ್ಪೆಲ್ ಸರ್. ಹೊಸ ಚೆಂಡಿನಲ್ಲಿ ನಾಲ್ಕು ಓವರ್. ಅವಳೂ ಆಡುತ್ತೇನೆ ಎನ್ನುತ್ತಿದ್ದಾಳೆ. ಆಡಿಸಲೇ?"

"ಮೂರು ತಂಡಕ್ಕೂ ಸೇರಿ ಎಷ್ಟಾಯಿತು?"

ಇಂದುಧರ ಕೂಡಿದನು. ಆ ಮೂರು ಅಂಕಿಗಳನ್ನು ಯಾರಾದರೂ ಒಟ್ಟಿಗೆ ಕೂಡಿದ್ದು ಅದೇ ಮೊದಲು. "ಎಂಬತ್ತಮೂರು," ಎಂದನು. ಅಂಕಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

"ಕೇಳಲು ಬಂದೆಯೋ, ನನ್ನ ಬಾಯಿಂದ ಹೂಂ ಅನ್ನಿಸಿಕೊಂಡು ಹೋಗಲು ಬಂದೆಯೋ?"

ಉತ್ತರಕ್ಕೆ ಕಾಯದೆ ಮಾಸ್ತರರು ಈ ಕತೆ ಹೇಳಿದರು.

ಒಂದು ಊರು. ಊರಿನ ಹೊಲಗಳೆಲ್ಲ ಒಂದಕ್ಕೊಂದು ತಾಗಿಕೊಂಡಿದ್ದವು. ಎಲ್ಲರೂ ಜೋಳ ಬಿತ್ತುತ್ತಿದ್ದರು. ತೆನೆಯಲ್ಲಿ ಹಾಲು ತುಂಬಿದ ದಿನಗಳಲ್ಲಿ ಹಕ್ಕಿಗಳು ಬೀಳುತ್ತಿದ್ದವು. ಬಲಿತ ಕಾಳು ಅವಕ್ಕೆ ಬೇಡ, ಹಾಲುಗಾಳೇ ಬೇಕು. ಆದ್ದರಿಂದ ಹೊಲಗಳ ನಡುವೆ ಅಟ್ಟಣೆ ಕಟ್ಟಿ, ಅದರ ಮೇಲೆ ಕವಣೆ ಬೀಸುವವನೊಬ್ಬನನ್ನು ನಿಲ್ಲಿಸುತ್ತಿದ್ದರು.

ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದರು. ಮೀಸೆ ಬಲಿಯದ ಕವಣೆಗಾರನಿಗೆ ದಿನಕ್ಕೆ ಅರವತ್ತೇ ಕಲ್ಲು. ಅವನ್ನು ತಾಯಿಯೇ ಎಣಿಸಿ ಚೀಲಕ್ಕೆ ತುಂಬಬೇಕು. ಚೀಲವನ್ನು ಅಟ್ಟಣೆಯ ಕಾಲಿಗೆ ತೂಗುಹಾಕಬೇಕು. ಅದು ಖಾಲಿಯಾದೊಡನೆ ಅವನು ಮನೆಗೆ ಹೋಗಬೇಕು. ಬೆಳೆ ಹಾಳಾದರೂ ಅವನನ್ನು ತಡೆಯಬಾರದು. ಉಳಿದ ಹೊತ್ತು ಊರವರೇ ತಮಟೆ ಬಡಿದು ಹಕ್ಕಿ ಎಬ್ಬಿಸಬೇಕು.

ಆ ವರ್ಷ ಅಟ್ಟಣೆ ಏರಿದ ತರುಣನ ಕೈ ಅಂಥಿಂಥದ್ದಲ್ಲ. ಅವನು ಬೀಸಿದ ಕಲ್ಲು ಗುಂಯ್ ಎಂದರೆ ಸೀಮೆಯ ಕೊನೆಯ ಹೊಲದ ಹಕ್ಕಿಯೂ ಏಳುತ್ತಿತ್ತು. ಊರವರು ತಮಟೆಗಳನ್ನು ಅಟ್ಟಕ್ಕೆ ಎಸೆದರು.

ಒಂದು ಮಧ್ಯಾಹ್ನ ಒಬ್ಬ ರೈತ ಅಟ್ಟಣೆಯ ಕೆಳಗೆ ಹಾಯ್ದು ಹೋಗುವಾಗ ಚೀಲ ನೋಡಿದನು. ತಳದಲ್ಲಿ ಎರಡೇ ಕಲ್ಲು ಉಳಿದಿದ್ದವು. ಹಕ್ಕಿಗಳು ಅವನ ಹೊಲದ ಮೇಲೆ ಸುತ್ತುತ್ತಿದ್ದವು. ಅವನು ದಾರಿಯಿಂದ ಒಂದು ಕಲ್ಲು ಹೆಕ್ಕಿ ಚೀಲಕ್ಕೆ ಹಾಕಿದನು. ಒಂದೇ ಒಂದು. ಅವನು ಮರೆಯಾದ ಮೇಲೆ ಇನ್ನೊಬ್ಬ ಬಂದನು. ಆಮೇಲೆ ಮತ್ತೊಬ್ಬ. ಒಬ್ಬನು ಹಾಕಿದ್ದನ್ನು ಇನ್ನೊಬ್ಬನು ನೋಡಲಿಲ್ಲ. ನೋಡಲು ಯಾರಿಗೂ ಮನಸ್ಸಿರಲಿಲ್ಲ.

ಒಂಬತ್ತನೆಯ ದಿನ ತರುಣ ತಾಯಿಗೆ ಹೇಳಿದನು: "ಅವ್ವಾ, ಚೀಲ ಖಾಲಿಯಾಗುತ್ತಿಲ್ಲ."

"ನಾನು ಎಣಿಸಿಯೇ ತುಂಬಿದ್ದೇನೆ ಮಗನೇ."

"ಎಣಿಕೆ ನನಗೂ ಬರುತ್ತದೆ ಅವ್ವಾ."

ಮರುದಿನ ತಾಯಿ ಎರಡು ಸಲ ಎಣಿಸಿದಳು. ಅರವತ್ತು. ಸಂಜೆ ಅವನು ಚೀಲವನ್ನು ತಂದು ಅವಳ ಮುಂದೆ ಸುರಿದನು. ಒಳಗೆ ಇನ್ನೂ ಕಲ್ಲುಗಳಿದ್ದವು. ತಾಯಿಗೆ ಭಯವಾಯಿತು. ಇದು ದೇವರ ಆಟವಿರಬೇಕೆಂದು ಚೀಲಕ್ಕೆ ಕುಂಕುಮ ಹಚ್ಚಿದಳು. ಕುಂಕುಮವಿಟ್ಟ ಚೀಲವನ್ನು ಅನುಮಾನಿಸುವ ಧೈರ್ಯ ಅಲ್ಲಿಂದ ಮುಂದೆ ಯಾರಿಗೂ ಬರಲಿಲ್ಲ.

ತರುಣ ಕಟ್ಟಳೆ ಮೀರುವವನಲ್ಲ. ಚೀಲ ಖಾಲಿಯಾಗಲಿಲ್ಲ, ಕತ್ತಲಾಗುವವರೆಗೆ ಅವನು ಮನೆಗೆ ಹೋಗಲಿಲ್ಲ. ನಿದ್ದೆಯಲ್ಲೂ ಅವನ ತೋಳು ಬೀಸುತ್ತಿತ್ತು. ಇಪ್ಪತ್ತೊಂದನೆಯ ದಿನ ಕಲ್ಲು ಹೋಯಿತು, ಕೈ ಕೆಳಗೆ ಜೋತುಬಿದ್ದಿತು. ಹಸಿ ಕಡ್ಡಿ ಮುರಿದಂಥ ಸದ್ದು ಅವನೊಬ್ಬನಿಗೇ ಕೇಳಿಸಿತು. ಊರವರು ಎಣ್ಣೆ ತಂದರು, ಬೆಲ್ಲ ತಂದರು, ಹುಲಿ ಎಂದು ಹೊಗಳಿದರು. ಸುಗ್ಗಿ ಚೆನ್ನಾಗಿಯೇ ಆಯಿತು.

ಸುಗ್ಗಿ ಮುಗಿದ ಮರುದಿನ ಬೆಳಗ್ಗೆ ಕಟಾವಾದ ಹೊಲಗಳ ಮೇಲೆ ಕವಣೆಯ ಸದ್ದು ಕೇಳಿತು. ಅಟ್ಟಣೆ ಬಿಚ್ಚಿಯಾಗಿತ್ತು. ತರುಣ ಮನೆಯಲ್ಲಿ ಮಲಗಿದ್ದನು, ಅವನ ಕೈಯನ್ನು ಎದೆಗೆ ಕಟ್ಟಿದ್ದರು. ಮೊದಲು ಕಲ್ಲು ಹಾಕಿದ್ದ ರೈತ ಬಾಗಿಲು ತೆರೆದನು. ಹೊಸ್ತಿಲ ಮೇಲೆ ಒಂದು ಕಲ್ಲಿತ್ತು. ತಾನು ಚೀಲಕ್ಕೆ ಹಾಕಿದ್ದ ಕಲ್ಲೇ ಅದು ಎಂದು ಅವನು ಗುರುತು ಹಿಡಿದನು. ಮುಟ್ಟಿದರೆ, ಯಾರದೋ ಮುಷ್ಟಿಯಿಂದ ಈಗತಾನೇ ಬಿಟ್ಟಂತೆ ಬೆಚ್ಚಗಿತ್ತು. ಒಯ್ದು ಬಾವಿಗೆ ಎಸೆದನು. ಮರುದಿನ ಮತ್ತೆ ಆ ಸದ್ದು, ಹೊಸ್ತಿಲ ಮೇಲೆ ಮತ್ತೆ ಆ ಕಲ್ಲು. ಈಗ ಅದು ಒದ್ದೆಯಾಗಿತ್ತು.

ಊರಿನ ಪ್ರತಿ ಮನೆಯಲ್ಲೂ ಹೀಗೆಯೇ ಆಯಿತು. ಒಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ. ಕಲ್ಲು ಬಿದ್ದಿರುವ ಹೊಸ್ತಿಲನ್ನು ದಾಟಿ ಓಡಾಡುವುದನ್ನು ಎಲ್ಲರೂ ಕಲಿತರು.

ಮುಂದಿನ ವರ್ಷ ಜೋಳ ಹಾಲಿಗೆ ಬಂದಿತು. ಹೊಸ ಹುಡುಗನೊಬ್ಬ ಅಟ್ಟಣೆ ಏರಿದನು. ಅವನ ತಾಯಿಯೂ ಅರವತ್ತು ಕಲ್ಲು ಎಣಿಸಿ ಚೀಲ ತೂಗುಹಾಕಿದಳು. ಆ ರೈತ ತನ್ನ ಕಲ್ಲನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಬಂದು ಆ ಚೀಲಕ್ಕೆ ಇಳಿಬಿಟ್ಟನು. ಮರುದಿನ ಅವನ ಹೊಸ್ತಿಲು ಬರಿದಾಗಿತ್ತು. ಒಂದು ವರ್ಷದ ಮೇಲೆ ಅವನು ನೆಮ್ಮದಿಯಾಗಿ ಉಂಡನು. ಆ ಸಂಜೆ ಹುಡುಗ ಅಟ್ಟಣೆಯಿಂದ ಇಳಿದು ನೋಡಿದನು. ಚೀಲ ತುಂಬಿ ನಿಂತಿತ್ತು.

ಮಾಸ್ತರರು ಕತೆ ನಿಲ್ಲಿಸಿದರು.

"ಒಬ್ಬೊಬ್ಬರು ಹಾಕಿದ್ದು ಒಂದೊಂದೇ ಕಲ್ಲು, ಸರ್," ಎಂದನು ಇಂದುಧರ. "ತಪ್ಪನ್ನು ಯಾರ ಮೇಲೆ ಹೊರಿಸುವುದು?"

ಮಾಸ್ತರರು ಅವನನ್ನು ನೋಡಲಿಲ್ಲ. ಹೊಸ್ತಿಲ ಮೇಲಿದ್ದ ಹಳೆಯ ಚೆಂಡನ್ನು ನೋಡುತ್ತ ಹೇಳಿದರು:

"ಆ ಊರಿನಲ್ಲಿ ಹಾಲುಗಾಳನ್ನು ತಿಂದದ್ದು ಹಕ್ಕಿಗಳಲ್ಲ, ಇಂದುಧರ."

ಇಂದುಧರ ಜೇಬಿನಿಂದ ನಾಳೆಯ ಹನ್ನೊಂದು ಹೆಸರುಗಳ ಪಟ್ಟಿ ತೆಗೆದು, ಮಂಜರಿಯ ಹೆಸರಿನ ಮೇಲೆ ಗೆರೆ ಎಳೆದನು. ಹೋಗುವಾಗ ಆ ಚೆಂಡಿಗೆ ಕಾಲು ತಾಗದಂತೆ ಹೊಸ್ತಿಲು ದಾಟಿದನು. ಅದು ಬೆಚ್ಚಗಿದೆಯೇ ಎಂದು ಮುಟ್ಟಿ ನೋಡುವ ಧೈರ್ಯ ಅವನಿಗಾಗಲಿಲ್ಲ.

ಇದನ್ನು ಓದಿದವರು, ಎಳೆಯರ ಕೈಗೆ ಚೆಂಡು ಕೊಡುವ ಇನ್ನೊಬ್ಬರಿಗೆ ಈ ಕತೆಯನ್ನು ಹೇಳಿ. ಅವರೂ ಒಂದೇ ಒಂದು ಓವರ್ ಕೇಳುತ್ತಿರುತ್ತಾರೆ.